ಮೂಕಚಿತ್ರಕ್ಕೆ ಊರಿಲ್ಲವೆ?

ಕನ್ನಡ ಚಿತ್ರರಂಗದ ಜನ್ಮ 1934ರ ‘ಸತಿ ಸುಲೋಚನ’ದಿಂದ ಎಂದು ಸಾರುವ ಮಹನೀಯರು ಪುತ್ತೂರನ್ನು ಮರೆತರೇನು? ಅಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 1930ರಲ್ಲೇ ಅಸ್ಪೃಶ್ಯರ ಬಾಳನ್ನು ಕುರಿತು ‘ಡೊಮಿಂಗೊ’ ತೆಗೆದರು, ಬಳಿಕ ‘ಭೂತರಾಜ್ಯ’.

“ಮೂಕಚಿತ್ರಕ್ಕೆ ಭಾಷೆಯೆಲ್ಲಿ, ಸ್ವಾಮಿ?” ಎಂಬುದು ಇವರ ಜಾಣ ಉತ್ತರ. 1916ರ ‘ಬಿಹೈಂಡ್ ದ ಸ್ಕ್ರೀನ್’ನಲ್ಲಿ ಚಾಪ್ಲಿನ್ ಸ್ಟುಡಿಯೋದ ಆಳಾಗಿ, ಬೆನ್ನಮೇಲೆ ಕುರ್ಚಿಗಳ ರಾಶಿ ಹೊತ್ತು, ಸಿನಿಮಾದವರನ್ನೇ ಗೇಲಿಮಾಡಿದ. 1928ರಲ್ಲಿ ಕೀಟನ್‌ನ ‘ದ ಕ್ಯಾಮೆರಾಮನ್’ ಬಂತು. ಅವೂ ಮೂಕವೇ, ಅಮೆರಿಕದವಲ್ಲ ಎಂದವರುಂಟೆ? ಅವರು ರೀಲು ಕಾಯ್ದುಕೊಂಡರು; ತಮ್ಮ ಉದ್ಯಮದ ಎಳೆತನವನ್ನು ಕಂಡು ಈಗಲೂ ನಗುತ್ತಾರೆ. ನಮಗೆ ನಗುವುದಕ್ಕೂ ಅವರ ರೀಲೇ ಬೇಕು!

ಬಾಲವನದಲ್ಲಿ ಭಾಷಣ ಬಿಗಿಯುವವರು ಒಮ್ಮೆ ಪುತ್ತೂರು, ಸುಳ್ಯ, ಕಡಬಗಳ ಹಳೆಯ ಮನೆಗಳ ಅಟ್ಟ ಹತ್ತಿ ನೋಡಲಿ, ‘ಡೊಮಿಂಗೊ’ದ ಒಂದಡಿಯಾದರೂ ಸಿಕ್ಕೀತೇ ಎಂದು. ಸಿಗದಿದ್ದರೆ, ಚರಿತ್ರೆಯಲ್ಲಿ ‘ಸುಲೋಚನ’ಕ್ಕಿಂತ ಮೊದಲು ಅದಕ್ಕೊಂದು ಸಾಲನ್ನಾದರೂ ಬರೆಯಲಿ.