ರಾಜಾಗ ಆಗಿದ್ದು ಕಜ್ಜಿ ಅಲ್ರೀ

ಅಕ್ಕಾರ, ವೈನಿ, ಕಡೀ ಸಲ ಹೇಳ್ತೀನಿ. ನಮ್ಮ ರಾಜಾಗ ಆಗಿದ್ದು ಕಜ್ಜಿ ಅಲ್ಲ, ಅಲರ್ಜಿ. ಡಾಕ್ಟ್ರು ಚರ್ಮ ಕೆರದು ಮೈಕ್ರೋಸ್ಕೋಪಿನ್ಯಾಗ ನೋಡ್ಯಾರ, ಕಜ್ಜಿ ಹುಳ ಇಲ್ಲ. ಚಿಗಟ, ಉಣ್ಣಿನೂ ಇಲ್ಲ. ಹುಲ್ಲಿನ ಪರಾಗ, ಧೂಳಿನ್ಯಾಗಿನ ಕಣ್ಣಿಗೆ ಕಾಣದ ಹುಳ, ಗ್ವಾಡಿ ಬೂಸ್ಟು, ಇವು ಅವನ ಮೈಗೆ ಆಗಿಬರೂದಿಲ್ಲ. ಅದಕ್ಕ ಕಾಲು ನೆಕ್ಕತಾನ, ಕಿವಿ ಕೆರಕೋತಾನ. ಅಲರ್ಜಿ ಯಾರಿಗೂ ಅಂಟೂದಿಲ್ಲ.

ಸೀಮಿಎಣ್ಣಿ ಹಚ್ಚು ಅಂತೀರಲ್ಲ, ಒಡದ ಚರ್ಮಕ್ಕ ನೀವು ಹಚ್ಕೋತೀರೇನು? ನೆಕ್ಕಿದ್ರ ಹೊಟ್ಟಿಗೂ ಹೋಗ್ತದ! ನಾನಂತೂ ಅಡ್ಡಾಡಿಸಿ ತಂದ ಮ್ಯಾಲೆ ಕಾಲು ತೊಳದು, ಬೆರಳ ಸಂದಿ ಒರಸ್ತೀನಿ. ಹಾಸೂ ಗೋಣಿತಟ್ಟು ವಾರಕ್ಕೊಮ್ಮೆ ಬಿಸಿನೀರಾಗ. ಗುಳಿಗಿ ಡಾಕ್ಟ್ರು ಹೇಳಿದಷ್ಟೇ. ಪೂರಾ ಹೋಗೂದಲ್ಲ ಇದು, ಹತೋಟಿಗೆ ಬರ್ತದ. ಊರ ಹೊರಗ ಬಿಟ್ಟು ಬಾ ಅನ್ನೂ ಮಾತು ಮತ್ತ ನನ್ನ ಮುಂದ ಆಡಬ್ಯಾಡ್ರಿ.