ಕೋವಿಯಲ್ಲ, ನೇಗಿಲೇ ನಿರ್ಣಾಯಕ

ಅಮೆರಿಕದ ಸೌತ್ ಡಕೋಟ ರಾಜ್ಯದ ಅಧಿಕೃತ ಪಕ್ಷಿ ಅಮೆರಿಕದ್ದಲ್ಲ. ನವಿಲು ಮತ್ತು ಕಾಡುಕೋಳಿಗಳ ಕುಲಕ್ಕೆ ಸೇರಿದ, ಕೊರಳ ಸುತ್ತ ಬಿಳಿಯ ಪಟ್ಟಿಯಿರುವ ಫೆಸೆಂಟ್ ಮೂಲತಃ ಏಷ್ಯಾದ ಹಕ್ಕಿ. ಶಾಂಘೈನಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದ ಓವೆನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಒರೆಗಾನ್‌ಗೆ ಕಳುಹಿಸಿದ ಹಕ್ಕಿಗಳು ಅಲ್ಲಿ ನೆಲೆಯೂರಿದವು. 1919ರಲ್ಲಿ ಸೌತ್ ಡಕೋಟದ ಸ್ಪಿಂಕ್ ಕೌಂಟಿಯಲ್ಲಿ ಕೇವಲ ಒಂದು ದಿನದ ಬೇಟೆಗೆ ಅನುಮತಿ ದೊರೆಯಿತು. 1943ರಲ್ಲಿ ಅದು ರಾಜ್ಯಪಕ್ಷಿಯಾಯಿತು. ಇಂದು ಅಕ್ಟೋಬರ್ ಬಂತೆಂದರೆ ದೇಶದ ನಾನಾ ಭಾಗಗಳಿಂದ ಬೇಟೆಗಾರರು ಅಲ್ಲಿಗೆ ಧಾವಿಸುತ್ತಾರೆ. ಸಣ್ಣ ಊರುಗಳ ವಸತಿಗೃಹ, ಹೋಟೆಲುಗಳ ವಹಿವಾಟು ಈ ಋತುವನ್ನು ನೆಚ್ಚಿಕೊಂಡಿದೆ.

ಇಷ್ಟೊಂದು ಕೋವಿಗಳ ನಡುವೆ ಹಕ್ಕಿ ಉಳಿಯುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಅಲ್ಲಿ ಕೊಲ್ಲಲು ಅವಕಾಶವಿರುವುದು ಗಂಡು ಹಕ್ಕಿಗಳನ್ನು ಮಾತ್ರ. ಅದೂ ಒಬ್ಬರಿಗೆ ದಿನಕ್ಕೆ ಮೂರು. ಒಂದು ಹುಂಜ ಹಲವು ಹೇಟೆಗಳೊಂದಿಗೆ ಕೂಡುವುದರಿಂದ ಮರುವರ್ಷದ ಸಂತತಿಗೆ ಇದರಿಂದ ಹೆಚ್ಚಿನ ಧಕ್ಕೆಯಿಲ್ಲ. ಹೇಟೆಯ ಅಗತ್ಯವೇ ಬೇರೆ. ಅದು ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಮೊದಲ ವಾರಗಳಲ್ಲಿ ಕಾಳಲ್ಲ, ಹುಳುಹುಪ್ಪಟೆ ಬೇಕು. ಹಿಮಗಾಳಿಯ ಚಳಿಗಾಲದಲ್ಲಿ ಜೊಂಡು ಬೆಳೆದ ಜವುಗುನೆಲವೋ ಪೊದೆಯೋ ಆಸರೆಯಾಗಬೇಕು. ಇವು ಮೂರೂ ಇಲ್ಲದ ಕಡೆ ಬೇಟೆಯನ್ನು ಪೂರ್ತಿ ನಿಷೇಧಿಸಿದರೂ ಹಕ್ಕಿ ಬಾಳದು.

ಈ ಮಾತಿಗೆ ಚರಿತ್ರೆಯೇ ಸಾಕ್ಷಿ. ಹೊಲಗಳು ಪಾಳುಬಿದ್ದಿದ್ದ 1940ರ ದಶಕದ ಮಧ್ಯಭಾಗದಲ್ಲಿ ಸೌತ್ ಡಕೋಟದಲ್ಲಿ ಸುಮಾರು 1.6 ಕೋಟಿ ಫೆಸೆಂಟ್‌ಗಳಿದ್ದವೆಂಬ ಅಂದಾಜಿದೆ. 1956ರಲ್ಲಿ ಆರಂಭವಾದ 'ಸಾಯಿಲ್ ಬ್ಯಾಂಕ್' ಯೋಜನೆಯು ರೈತರಿಗೆ ಹಣ ಕೊಟ್ಟು ಭೂಮಿಯನ್ನು ಉಳುಮೆಯಿಂದ ಹೊರಗಿಟ್ಟಾಗ ಹಕ್ಕಿಗಳು ಮತ್ತೆ ಹೆಚ್ಚಿದವು. ಒಪ್ಪಂದಗಳು ಮುಗಿದು, 1970ರ ದಶಕದಲ್ಲಿ ಧಾನ್ಯ ರಫ್ತಿನ ಹುಮ್ಮಸ್ಸಿನಲ್ಲಿ ಬೇಲಿಯಿಂದ ಬೇಲಿಯವರೆಗೆ ಉಳುವ ಕಾಲ ಬಂದಾಗ ಸಂಖ್ಯೆ ಕುಸಿಯಿತು. 1985ರ ಕೃಷಿ ಕಾಯ್ದೆಯು 'ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ' ಎಂಬ ಯೋಜನೆಯನ್ನು ತಂದಿತು. ಮಣ್ಣು ಸವೆಯುವ ಜಮೀನಿನಲ್ಲಿ ಹುಲ್ಲು ಬೆಳೆಸಿ 10ರಿಂದ 15 ವರ್ಷ ಹಾಗೆಯೇ ಬಿಡಲು ಒಪ್ಪಿದ ರೈತನಿಗೆ ಸರ್ಕಾರ ವರ್ಷವರ್ಷ ಬಾಡಿಗೆ ಕೊಡುವ ವ್ಯವಸ್ಥೆ ಇದು. 2007ರಲ್ಲಿ ದೇಶದಾದ್ಯಂತ 3.68 ಕೋಟಿ ಎಕರೆ ಇದರಡಿ ಇತ್ತು. ಅದೇ ವರ್ಷ ಸೌತ್ ಡಕೋಟದ ಫೆಸೆಂಟ್‌ಗಳ ಅಂದಾಜು 1.2 ಕೋಟಿಯ ಸಮೀಪ ತಲುಪಿತ್ತು.

ಬಳಿಕ ಬಂದದ್ದು ಎಥೆನಾಲ್. 2007ರ ಇಂಧನ ಕಾಯ್ದೆ ಜೈವಿಕ ಇಂಧನದ ಗುರಿಯನ್ನು ಏರಿಸಿತು. 2012ರಲ್ಲಿ ಮೆಕ್ಕೆಜೋಳದ ಬೆಲೆ ಬುಷೆಲ್‌ಗೆ 7 ಡಾಲರ್ ದಾಟಿತು. ಸರ್ಕಾರದ ಬಾಡಿಗೆ ಅದರೆದುರು ಸಪ್ಪೆಯಾಯಿತು, ಅವಧಿ ಮುಗಿದ ಒಪ್ಪಂದಗಳು ನವೀಕರಣಗೊಳ್ಳಲಿಲ್ಲ, ಹುಲ್ಲುಗಾವಲು ಹೊಲವಾಯಿತು. 2012ರ ಬರ ಮತ್ತು ಮರುವರ್ಷದ ಶೀತಲ ವಸಂತವೂ ಕೂಡಿಕೊಂಡು, 2013ರ ಗಣತಿಯ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇ 64ರಷ್ಟು ಇಳಿಯಿತು. ಹವಾಮಾನದ ಪೆಟ್ಟಿನಿಂದ ಹಕ್ಕಿ ಚೇತರಿಸಿಕೊಳ್ಳಬಲ್ಲದು. ಆದರೆ ಚೇತರಿಸಿಕೊಳ್ಳಲು ಹುಲ್ಲೇ ಇಲ್ಲದಿದ್ದರೆ?

2019ರಲ್ಲಿ ರಾಜ್ಯ ಸರ್ಕಾರ ಒಂದು ಸುಲಭದ ದಾರಿ ಹುಡುಕಿತು. ಗೂಡುಗಳಿಗೆ ನುಗ್ಗುವ ರಕೂನ್, ಸ್ಕಂಕ್ ಮುಂತಾದ ಪ್ರಾಣಿಗಳನ್ನು ಹಿಡಿದು ಕೊಂದವರಿಗೆ ಬಾಲವೊಂದಕ್ಕೆ 10 ಡಾಲರ್ ಬಹುಮಾನ ಘೋಷಿಸಿತು. ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಡುವ ಕ್ರಮವಿದು. ಹುಲ್ಲು ಕಿರಿದಾದ ಪಟ್ಟಿಗಳಾಗಿ ಉಳಿದಾಗ ಪರಭಕ್ಷಕಗಳಿಗೆ ಗೂಡು ಹುಡುಕುವುದು ಸಲೀಸು. ವಿಶಾಲವಾಗಿ ಹರಡಿದ್ದರೆ ಅದು ಕಷ್ಟ. ಬಾಲ ಎಣಿಸುವ ಹಣ ಹುಲ್ಲಿಗೆ ಸಂದಿದ್ದರೆ ಹೆಚ್ಚು ಸಾರ್ಥಕವಾಗುತ್ತಿತ್ತು.

ಹಾಗೆಂದು ಹುಲ್ಲನ್ನು ಅದರ ಪಾಡಿಗೆ ಬಿಟ್ಟರೂ ಸಾಲದು. ಕೆಲವೇ ವರ್ಷಗಳಲ್ಲಿ ಒಣಹುಲ್ಲು ದಟ್ಟವಾಗಿ ಹೆಣೆದುಕೊಂಡು, ಹೂಬಿಡುವ ಗಿಡಗಳು ಕಣ್ಮರೆಯಾಗಿ, ಕೀಟಗಳು ಕಡಿಮೆಯಾಗಿ, ಮರಿಗಳು ಓಡಾಡಲೂ ಎಡೆಯಿಲ್ಲದಂತಾಗುತ್ತದೆ. ನಿಯಂತ್ರಿತ ಬೆಂಕಿ, ಮಿತವಾದ ಮೇಯಿಸುವಿಕೆ, ಗೂಡಿನ ಕಾಲ ಮುಗಿದ ಮೇಲಿನ ಕಟಾವು ಇವೆಲ್ಲ ಬೇಕು. ಹುಲ್ಲುಗಾವಲಿನ ನಿರ್ವಹಣೆಗೂ ಕೃಷಿಯಷ್ಟೇ ಶ್ರಮ ಮತ್ತು ತಿಳಿವಳಿಕೆ ಅಗತ್ಯ.

ಇದಕ್ಕೆ ಹಣ ಎಲ್ಲಿಂದ? ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ಅಬಕಾರಿ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಮೀಸಲಿಡುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ 1937ರಿಂದಲೇ ಅಲ್ಲಿದೆ. ಬೇಟೆಯ ಪರವಾನಗಿ ಶುಲ್ಕವೂ ಸೇರುತ್ತದೆ. ಅದರ ಬಲದಿಂದ ರಾಜ್ಯಗಳು ಭೂಮಿ ನಿರ್ವಹಿಸುತ್ತವೆ, ಖಾಸಗಿ ಜಮೀನನ್ನು ಗುತ್ತಿಗೆಗೆ ಪಡೆದು ಸಾರ್ವಜನಿಕರಿಗೆ ತೆರೆದಿಡುತ್ತವೆ. ಬೇಟೆಯನ್ನು ನೈತಿಕವಾಗಿ ಒಪ್ಪದವರೂ ಈ ಲೆಕ್ಕವನ್ನು ತಳ್ಳಿಹಾಕಲಾರರು. ಆದರೆ ಅದರ ಮಿತಿಯನ್ನೂ ಕಾಣಬೇಕು. ಬೇಟೆಗಾರನ ಕಣ್ಣಿರುವುದು ಹೊರಗಿನಿಂದ ಬಂದ ಒಂದು ಹಕ್ಕಿಯ ಮೇಲೆ. 1970ರಿಂದೀಚೆಗೆ ಉತ್ತರ ಅಮೆರಿಕದ ಹುಲ್ಲುಗಾವಲು ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಯಾರೂ ಬೇಟೆಯಾಡದ ಆ ಪುಟ್ಟ ಹಕ್ಕಿಗಳಿಗಾಗಿ ತೆರಿಗೆ ತೆರುವವರಿಲ್ಲ. ಫೆಸೆಂಟ್‌ಗಾಗಿ ಉಳಿದ ಹುಲ್ಲಿನಲ್ಲಿ ಅವುಗಳಿಗೂ ಜಾಗ ಸಿಕ್ಕಿದರೆ ಅದು ಅವುಗಳ ಭಾಗ್ಯ.

ಆದ್ದರಿಂದ ಬಾಡಿಗೆಯೊಂದೇ ಸಾಲದು. ಧಾನ್ಯದ ಬೆಲೆ ಏರಿದ ದಿನ ಅದು ಮುರಿದುಬೀಳುತ್ತದೆ. ಎಂದೂ ಉಳದ ಹುಲ್ಲುನೆಲವನ್ನು ಹೊಸದಾಗಿ ಉತ್ತವರಿಗೆ ಬೆಳೆವಿಮೆಯ ಸಬ್ಸಿಡಿ ತಗ್ಗಿಸುವ ನಿಯಮವನ್ನು 2014ರ ಕೃಷಿ ಕಾಯ್ದೆ ಆರು ರಾಜ್ಯಗಳಿಗೆ ಅನ್ವಯಿಸಿತು. ಅದು ಎಲ್ಲೆಡೆಗೂ ವಿಸ್ತರಿಸಬೇಕು. ಒಂದು ಕೈಯಲ್ಲಿ ಹುಲ್ಲಿಗೆ ಹಣ ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನು ಉಳಲು ವಿಮೆ ಕೊಡುವುದು ವಿವೇಕವಲ್ಲ. ಭೂಮಿ ಪಾಳುಬಿಟ್ಟರೆ ಗೇಣಿಯ ದರ ಏರಿ ಯುವ ರೈತರಿಗೆ ಜಮೀನು ಸಿಗದೆಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿಯೇ ಫಲವತ್ತಾದ ನೆಲವನ್ನು ಬಿಟ್ಟು, ಖರ್ಚೂ ಹುಟ್ಟದ ಚೌಳು, ಇಳಿಜಾರು, ಜೌಗು ಅಂಚುಗಳನ್ನು ಹುಲ್ಲಿಗೆ ಆಯ್ದುಕೊಳ್ಳಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಬೇಟೆಯ ಕೋವಿಯನ್ನು ಎರವಲು ತರಬೇಕಾಗಿಲ್ಲ. ಆದರೆ ಕೋವಿ ಸದ್ದಡಗಿದ ಮಾತ್ರಕ್ಕೆ ನಮ್ಮ ಬಯಲಿನ ಹಕ್ಕಿಗಳು ಉಳಿಯಲಿಲ್ಲ. ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ನೆಟ್ಟೆವು. ಅಲ್ಲಿ ಎರೆಭೂತ ಕಾಣದಾಯಿತು. ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳಲ್ಲಿ ಚಳ್ಳಕೆರೆಯ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಬಾಡಿಗೆ ಕೊಟ್ಟು ಹುಲ್ಲು ಉಳಿಸಬೇಕಾದ ಸ್ಥಿತಿ ಅಮೆರಿಕದ್ದು. ಸಾರ್ವಜನಿಕ ಸ್ವತ್ತಾಗಿಯೇ ಇದ್ದ ಹುಲ್ಲನ್ನು 'ಬಂಜರು' ಎಂಬ ಒಂದು ಪದದಿಂದ ಕಳೆದುಕೊಂಡ ಸ್ಥಿತಿ ನಮ್ಮದು. ಉಳಿದ ಕಾವಲುಗಳನ್ನಾದರೂ ಕಂದಾಯ ದಾಖಲೆಗಳಲ್ಲಿ ಹುಲ್ಲುಗಾವಲೆಂದೇ ಗುರುತಿಸಿ, ಅವುಗಳ ನಡುವಿನ ಹೊಲಗಳಲ್ಲಿ ಕೃಷ್ಣಮೃಗ ಮೇದ ಬೆಳೆಗೆ ರೈತನಿಗೆ ತಡವಿಲ್ಲದೆ ಪರಿಹಾರ ನೀಡುವುದು ಸರ್ಕಾರದ ಮೊದಲ ಕರ್ತವ್ಯ. ಹಕ್ಕಿಯ ಹೊರೆಯನ್ನು ರೈತನೊಬ್ಬನೇ ಹೊರಬೇಕೆಂದರೆ ಹಕ್ಕಿಯೂ ಉಳಿಯದು, ಅದರ ಮೇಲಿನ ಅವನ ಅಕ್ಕರೆಯೂ ಉಳಿಯದು.