ಮುತ್ತಿಗೆ ಹಾಕಿದವನು ಕೊಟ್ಟ ಪ್ರಶಸ್ತಿಪತ್ರ

ಕೊಪ್ಪಳದ ದುರ್ಗವನ್ನು ಕುರಿತು ಯಾರೇ ಲೇಖನಿ ಹಿಡಿಯಲಿ, ಮೊದಲು ಸ್ಮರಿಸುವುದು ಸರ್ ಜಾನ್ ಮಾಲ್ಕಂ ಸಾಹೇಬನನ್ನು. ಹಿಂದುಸ್ಥಾನದಲ್ಲಿ ತಾನು ಕಂಡ ಸ್ಥಳಗಳಲ್ಲೆಲ್ಲ ಇದಕ್ಕಿಂತ ಬಲವಾದುದಿಲ್ಲವೆಂದು ಆತನಾಡಿದ ಮಾತು ಒಂದು ಗ್ರಂಥದಿಂದ ಮತ್ತೊಂದಕ್ಕೆ ಇಳಿದುಬಂದು ಈಗ ಮಂಗಳಶ್ಲೋಕದ ಸ್ಥಾನವನ್ನೇ ಆಕ್ರಮಿಸಿದೆ.

ಈ ಮಾತನ್ನಾಡಿದವನಾರು? 1790ರಲ್ಲಿ ಟೀಪೂ ಸುಲ್ತಾನನ ಅಧೀನದಲ್ಲಿದ್ದ ಈ ಕೋಟೆಗೆ ನಿಜಾಮನ ದಂಡೂ ಕಂಪನಿಯ ಪಲ್ಟಣಗಳೂ ಕೂಡಿ ಮುತ್ತಿಗೆ ಹಾಕಿದಾಗ ಮಾಲ್ಕಂ 21 ವರ್ಷದ ಕಿರಿಯ ಅಧಿಕಾರಿ. ಸ್ಕಾಟ್ಲೆಂಡದ ಬರ್ನ್‌ಫುಟ್ಟಿನಲ್ಲಿ ಕುರಿ ಸಾಕಿ ಸಂಕಟಕ್ಕೆ ಸಿಕ್ಕಿದ್ದ ಒಕ್ಕಲಿಗನ ಮಗ. 14 ತುಂಬುವ ಮೊದಲೇ ಮದರಾಸಿಗೆ ಬಂದಿಳಿದವನು. ತಿಂಗಳುಗಟ್ಟಲೆ ಕೆಳಗೆ ನಿಂತು ಮೇಲಿನ ಗೋಡೆಯನ್ನು ನೋಡಿದವನಿಗೆ ಅದು ಬಲಿಷ್ಠವಾಗಿ ಕಂಡುದರಲ್ಲಿ ಆಶ್ಚರ್ಯವೇನು? ಮಾರ್ಚಿಯಲ್ಲಿ ಬೆಂಗಳೂರು ಬಿದ್ದ ತರುವಾಯ, 1791ರ ಏಪ್ರಿಲಿನಲ್ಲಿ, ಕೊಪ್ಪಳವು ಶತ್ರುವಶವಾಯಿತು. ದುಸ್ಸಾಧ್ಯವಾದ ಕೋಟೆಯನ್ನು ಹೊಗಳಿದಷ್ಟೂ ಅದನ್ನು ಹಿಡಿದವರ ಕೀರ್ತಿಯೇ ಬೆಳೆಯುವುದು. (1786ರಲ್ಲಿ ಇದನ್ನು ಬಲಪಡಿಸುವಾಗ ಟೀಪುವಿಗೆ ಫ್ರೆಂಚ್ ಎಂಜಿನಿಯರರು ನೆರವಾಗಿದ್ದುದರಿಂದ ಆ ಹೊಗಳಿಕೆಯ ಒಂದು ಪಾಲು ಅವರಿಗೂ ಸಲ್ಲತಕ್ಕದ್ದು.) ಮಾಲ್ಕಂ ಅಸಾಮಾನ್ಯ ಪುರುಷನಲ್ಲವೆಂದು ಯಾರೂ ಹೇಳರು. 1792ರಲ್ಲಿ ಫಾರಸಿ ದುಭಾಷಿ, 1800ರಲ್ಲಿ ಇರಾಣದ ಶಹನ ದರ್ಬಾರಕ್ಕೆ ರಾಯಭಾರಿ, 1827ರಲ್ಲಿ ಮುಂಬಯಿಯ ಗವರ್ನರ್. ಖಡ್ಗವೂ ನಾಲಗೆಯೂ ಒಂದೇ ಸಮನೆ ನಡೆದವು.

ಆದರೆ ಆತನ ನಾಡಿನ ನಿಜವಾದ ಪ್ರಭುಕುಲದವನೊಬ್ಬನ ಚರಿತ್ರೆಯನ್ನು ನೋಡಬೇಕು. ಕ್ರೋಮಾರ್ಟಿಯ ಅರ್ಲನ ಹಿರಿಯ ಮಗ ಲಾರ್ಡ್ ಮೆಕ್ಲಿಯಡ್ 1745ರ ದಂಗೆಯಲ್ಲಿ ತಂದೆಯೊಡನೆ ದೊರೆಯ ಮೇಲೆ ಆಯುಧವೆತ್ತಿದನು, ಸೆರೆಸಿಕ್ಕಿ ಅಪರಾಧವನ್ನೊಪ್ಪಿಕೊಂಡನು, 1748ರಲ್ಲಿ ಕ್ಷಮೆ ಪಡೆದನು. ಸ್ವೀಡನ್ ದೇಶದ ಅರಸನ ಸೇವೆಗೆ ಸೇರಿ ಲೆಫ್ಟೆನೆಂಟ್ ಜನರಲ್ ಪದವಿಗೇರಿದನು. ಮುಂದೆ ಸ್ವದೇಶಕ್ಕೆ ಮರಳಿ, ತಾನು ಎದುರಿಸಿದ್ದ ಅದೇ ರಾಜವಂಶಕ್ಕಾಗಿ ಬೆಟ್ಟದ ನಾಡಿನವರ ಪಲ್ಟಣವೊಂದನ್ನು ಕಟ್ಟಿ, 1780ರಲ್ಲಿ ಮದರಾಸಿಗೆ ಬಂದು ಹೈದರನ ವಿರುದ್ಧ ಕಾದಿದನು. 1784ರಲ್ಲಿ ತಂದೆಯ ಜಪ್ತಾದ ಜಮೀನು ಅವನಿಗೆ ಮರಳಿತು. ದಂಗೆಯ ಕಲಂಕವು ಹೀಗೆ ಆತನ ಜೀವಿತಕಾಲದಲ್ಲಿಯೇ ತೊಳೆದುಹೋಯಿತು.

ಈಗ ಕೊಪ್ಪಳಕ್ಕೆ ಬರೋಣ. 1819ರಲ್ಲಿ ವೀರಪ್ಪನು ಈ ಕೋಟೆಯನ್ನು ಹಿಡಿದು ನಿಂತನು; ಜನರಲ್ ಪ್ರಿಟ್ಝ್ಲರನು ದಂಡೆತ್ತಿ ಬಂದು ಅದನ್ನು ಕಿತ್ತುಕೊಂಡನು. 1858ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಇದೇ ಕೋಟೆಯನ್ನು ಸೇರಿ, ಜೂನ್ 1ರಂದು ಮೇಜರ್ ಹ್ಯೂಸನ ದಂಡಿನೊಡನೆ ಹೋರಾಡಿ ಮಡಿದರು. ಅವರ ಜೊತೆಗಾರನಾದ ನರಗುಂದದ ಬಾಬಾಸಾಹೇಬನನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಸಂಸ್ಥಾನವನ್ನು ಜಪ್ತುಮಾಡಿದರು. ಸ್ಕಾಟರ ಪ್ರಭುವಿಗೆ ಒದಗಿದಂಥ 1784 ನರಗುಂದಕ್ಕೆ ಒದಗಲಿಲ್ಲ.

ಸರಕಾರ ಕ್ಷಮಿಸಲಿಲ್ಲ, ಅದು ಅದರ ಧರ್ಮ. ನಮ್ಮ ಬರಹಗಾರರಿಗೇನಾಗಿದೆ? ಭೀಮರಾಯನಿಗೆ ಸ್ವಾತಂತ್ರ್ಯಾನಂತರ ಮನ್ನಣೆ ದೊರೆಯಿತು. ವೀರಪ್ಪನು ಮಾತ್ರ ಆಂಗ್ಲ ಗ್ಯಾಸೆಟಿಯರು ಅಂಟಿಸಿದ ‘ದಂಗೆಕೋರ’ನೆಂಬ ಹಣೆಪಟ್ಟಿಯೊಡನೆ, ಮಾಲ್ಕಮನ ಪ್ರಶಸ್ತಿಯ ಪಕ್ಕದಲ್ಲಿಯೇ, ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾನೆ.

ಸ್ಕಾಟರಿಂದಲೇ ನಮ್ಮ ಇತಿಹಾಸ ಉಳಿಯಿತೆಂದು ಕೆಲವರು ವಾದಿಸುವರು. ಲೂಯಿಸ್ ದ್ವೀಪದ ಕಾಲಿನ್ ಮೆಕೆಂಝಿಯು 1799ರಲ್ಲಿ ಹಂಪೆಯ ನಕ್ಷೆ ತೆಗೆಯಿಸಿದ್ದೂ ಊರೂರಿನ ಕೈಫಿಯತ್ತುಗಳನ್ನು ಕೂಡಿಸಿದ್ದೂ ದಿಟ. ಆ ಋಣ ದೊಡ್ಡದು. ಆದರೆ ಅವುಗಳನ್ನು ಕೇಳಿ, ಓದಿ, ಅರ್ಥ ಬಿಡಿಸಿಕೊಟ್ಟವರಲ್ಲಿ ಮುಖ್ಯರು ಕಾವಲಿ ಬೊರಯ್ಯನೂ ಲಕ್ಷ್ಮಯ್ಯನೂ. ಅವರ ಹೆಸರು ಎಷ್ಟು ಮಂದಿಗೆ ಗೊತ್ತು?

ಪ್ರಭುವೂ ಯೋಧನೂ ಆದವನು ಬೇಕಾದರೆ ಕಡಲಾಚೆ ಹುಡುಕಬೇಕಾಗಿಲ್ಲ. ಯಲಬುರ್ಗಾ ಹಿಂದೆ ಎರಂಬರಗೆಯೆಂದು ಸಿಂದರ ರಾಜಧಾನಿಯಾಗಿತ್ತು. ಅಲ್ಲಿಯ ಆಚುಗಿಯು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಹಾಮಂಡಲೇಶ್ವರನಾಗಿ, ಏರಿಬಂದ ಹೊಯ್ಸಳ ವಿಷ್ಣುವರ್ಧನನನ್ನು ಹಿಮ್ಮೆಟ್ಟಿಸಿದವನು. ಗಂಗಾವತಿಯ ಕಡೆಯ ಕುಮ್ಮಟದುರ್ಗದ ಕುಮಾರರಾಮನಂತೂ ಕಾವ್ಯಕ್ಕೇ ವಸ್ತುವಾದನು. ಇವರಿಬ್ಬರಿಗೂ ಯಾವ ಸಾಹೇಬನ ಸರ್ಟಿಫಿಕೇಟೂ ಬೇಕಾಗಿರಲಿಲ್ಲ.

ಮಾಲ್ಕಮನ ಮಾತನ್ನು ಅಳಿಸಬೇಕೆಂದು ಯಾರೂ ಕೇಳುವುದಿಲ್ಲ. ಅದು 1790ರ ಮುತ್ತಿಗೆಯ ಪ್ರಕರಣದಲ್ಲಿ, ಮುತ್ತಿಗೆ ಹಾಕಿದವರ ಸಾಲಿನಲ್ಲಿ ನಿಲ್ಲಲಿ. ಕೋಟೆಯ ಚರಿತ್ರೆಯನ್ನು ಇನ್ನು ಬರೆಯುವವರು ಒಳಗಿದ್ದವರ ಹೆಸರಿನಿಂದ ಆರಂಭಿಸಲಿ; ವೀರಪ್ಪನ ಹೆಸರಿನ ಹಿಂದಿರುವ ಆ ವಿಶೇಷಣವನ್ನು ಕೂಡಲೇ ತೆಗೆದುಹಾಕಲಿ.